ಬೆಂಕಿ ಬೀಳುವ ಮುನ್ನ ಬಾಗಿಲ ಬಳಿ ಒಂದು ಚೀಲ

2018ರ ನವೆಂಬರ್ 8, ಗುರುವಾರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ಭಾಗದಲ್ಲಿರುವ ಪ್ಯಾರಡೈಸ್ ಎಂಬ ಊರಿನಲ್ಲಿ ಮಕ್ಕಳು ಶಾಲೆಗೆ ಹೊರಡುವ ಹೊತ್ತು. ಆದರೆ ಆ ದಿನ ಬೆಳಕು ಎಂದಿನಂತೆ ಏರಲಿಲ್ಲ. ಪೂರ್ವದ ಕಣಿವೆಯಾಚೆಯಿಂದ ಎದ್ದ ಹೊಗೆ ಆಕಾಶವನ್ನು ಮುಚ್ಚುತ್ತ ಬಂತು. ಅಂಗಳದಲ್ಲಿ ಸುಟ್ಟ ಎಲೆ, ಮರದ ಸಿಪ್ಪೆ ಉದುರತೊಡಗಿದವು. ಕೆಲವು ಕರಿಯಾಗಿದ್ದವು, ಕೆಲವು ಇನ್ನೂ ಕೆಂಪಗೆ ಉರಿಯುತ್ತಿದ್ದವು. ಬೆಳಿಗ್ಗೆ ಸುಮಾರು ಆರೂವರೆಗೆ ಹತ್ತು ಹನ್ನೊಂದು ಕಿಲೋಮೀಟರ್ ದೂರದಲ್ಲಿ ಹುಟ್ಟಿದ ಬೆಂಕಿ, ಎಂಟು ಗಂಟೆಯ ಹೊತ್ತಿಗೆಲ್ಲ ಊರೊಳಗೆ ಕಾಲಿಟ್ಟಿತ್ತು.

ಅಂದರೆ ಊರಿಗೆ ಸಿಕ್ಕ ಸಮಯ ಒಂದೂವರೆ ತಾಸು. ಬೆಂಕಿಯ ಸುದ್ದಿ ಮನೆ ಮನೆ ತಲುಪುವಷ್ಟರಲ್ಲಿ ಅದರಲ್ಲೂ ಬಹುಪಾಲು ಕಳೆದುಹೋಗಿತ್ತು. ಅನೇಕರಿಗೆ ಉಳಿದದ್ದು ಹತ್ತೋ ಹದಿನೈದೋ ನಿಮಿಷ. ಆ ಹತ್ತು ನಿಮಿಷದಲ್ಲಿ ಏನನ್ನು ಎತ್ತಿಕೊಳ್ಳಬೇಕು, ಯಾರನ್ನು ಕೂಗಬೇಕು, ಯಾವ ದಾರಿ ಹಿಡಿಯಬೇಕು?

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಕಾಳ್ಗಿಚ್ಚಿನ ಸೀಮೆಯಲ್ಲಿ ಬದುಕುವವರಿಗೆ ಅದು ಬರಿಯ ಗಾದೆಯಲ್ಲ, ಲೆಕ್ಕಾಚಾರ. ಅಲ್ಲಿ ಬಾವಿ ಎಂದರೆ ನೀರಿನ ಬಾವಿ ಅಲ್ಲ. ಮೊದಲೇ ತುಂಬಿಟ್ಟ ಒಂದು ಚೀಲ, ಮೊದಲೇ ಆಡಿಟ್ಟ ನಾಲ್ಕು ಮಾತು.

ಸ್ವರ್ಗದ ಹೆಸರಿನ ಊರು

ಪ್ಯಾರಡೈಸ್ ಎಂದರೆ ಸ್ವರ್ಗ. ಸುಮಾರು 26 ಸಾವಿರ ಜನರಿದ್ದ ಈ ಊರು ಎರಡು ಕಣಿವೆಗಳ ನಡುವಿನ ಬೆಟ್ಟದ ಏಣಿನ ಮೇಲೆ, ಪೈನ್ ಮರಗಳ ನೆರಳಿನಲ್ಲಿ ಹಬ್ಬಿಕೊಂಡಿತ್ತು. ನಿವೃತ್ತಿಯಾದವರು, ವಯಸ್ಸಾದವರು ಇಲ್ಲಿ ಹೆಚ್ಚು. ಊರಿನಿಂದ ಕೆಳಗಿಳಿಯಲು ಇದ್ದದ್ದು ಬೆರಳೆಣಿಕೆಯ ರಸ್ತೆಗಳು.

ಆ ವರ್ಷ ಮೇ ತಿಂಗಳ ನಂತರ ಅಲ್ಲಿ ಹೇಳಿಕೊಳ್ಳುವಂಥ ಮಳೆಯೇ ಬಿದ್ದಿರಲಿಲ್ಲ. ಹುಲ್ಲು, ತರಗು ಒಣಗಿ ನಿಂತಿದ್ದವು. ಈಶಾನ್ಯದಿಂದ ಒಣ ಬಿರುಗಾಳಿ ಬೀಸುತ್ತಿತ್ತು. ಬೆಟ್ಟದ ಮೇಲೆ ಹಾದುಹೋದ, ಹೆಚ್ಚು ಕಡಿಮೆ ನೂರು ವರ್ಷ ಹಳೆಯದಾದ ವಿದ್ಯುತ್ ಲೈನಿನ ಗೋಪುರದಲ್ಲಿ ತಂತಿಯ ಭಾರ ಹೊತ್ತಿದ್ದ ಕಬ್ಬಿಣದ ಕೊಕ್ಕೆಯೊಂದು ಸವೆದು ಸವೆದು ಮುರಿಯಿತು. ಕಿಡಿ ಒಣಹುಲ್ಲಿಗೆ ಬಿತ್ತು. ಉಳಿದದ್ದನ್ನು ಗಾಳಿ ನೋಡಿಕೊಂಡಿತು.

ಆ ಬೆಂಕಿಗೆ ‘ಕ್ಯಾಂಪ್ ಫೈರ್’ ಎಂದು ಹೆಸರಾಯಿತು. ಹುಟ್ಟಿದ ಜಾಗದ ಬಳಿಯ ರಸ್ತೆಯ ಹೆಸರು ಅದು. ಯಾರೋ ಬಿಡಾರ ಹೂಡಿ ಹಚ್ಚಿದ ಬೆಂಕಿ ಎಂದು ಅರ್ಥವಲ್ಲ. ಸತ್ತವರು 85 ಮಂದಿ. ಸುಟ್ಟ ಕಟ್ಟಡಗಳು 18 ಸಾವಿರಕ್ಕೂ ಹೆಚ್ಚು. ಸತ್ತವರಲ್ಲಿ ಬಹುಪಾಲು 65 ವರ್ಷ ದಾಟಿದವರು. ಎರಡು ವರ್ಷದ ಬಳಿಕ, 2020ರಲ್ಲಿ, ವಿದ್ಯುತ್ ಕಂಪನಿ ನ್ಯಾಯಾಲಯದಲ್ಲಿ 84 ಸಾವುಗಳ ತಪ್ಪೊಪ್ಪಿಕೊಂಡಿತು.

ಪ್ಯಾರಡೈಸ್ ಸಿದ್ಧವಾಗಿರಲಿಲ್ಲ ಎಂದು ಹೇಳುವಂತಿಲ್ಲ. 2008ರಲ್ಲಿ ಬೆಂಕಿ ಹತ್ತಿರ ಬಂದಾಗ ರಸ್ತೆಗಳು ಕಟ್ಟಿಕೊಂಡು ಪರದಾಡಿದ್ದ ಊರು ಅದು. ಆಮೇಲೆ ಊರನ್ನು ವಲಯಗಳಾಗಿ ವಿಂಗಡಿಸಿ, ಒಂದಾದ ಮೇಲೊಂದು ವಲಯವನ್ನು ತೆರವು ಮಾಡುವ ಯೋಜನೆ ಹಾಕಿತ್ತು. ಮುಖ್ಯ ರಸ್ತೆಯ ಎರಡೂ ಬದಿಯನ್ನು ಕೆಳಗಿಳಿಯುವ ವಾಹನಗಳಿಗೇ ಬಿಟ್ಟುಕೊಡುವ ಏರ್ಪಾಡೂ ಇತ್ತು. ಆದರೆ ಬೆಂಕಿ ಸರದಿಯ ಪ್ರಕಾರ ಬರಲಿಲ್ಲ. ಗಾಳಿಯಲ್ಲಿ ಹಾರಿದ ಕೆಂಡಗಳು ಊರಿನ ಹತ್ತಾರು ಕಡೆ ಒಟ್ಟಿಗೇ ಹೊತ್ತಿಕೊಂಡವು. ಇಡೀ ಊರು ಒಮ್ಮೆಗೇ ರಸ್ತೆಗಿಳಿಯಿತು. ಮೊಬೈಲ್ ಗೋಪುರಗಳು ಸುಟ್ಟವು. ಎಚ್ಚರಿಕೆಯ ಸಂದೇಶ ಎಷ್ಟೋ ಜನರಿಗೆ ತಲುಪಲೇ ಇಲ್ಲ.

ಅಂದಿನ ಒಂದು ಘಟನೆಯನ್ನು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ಒಂದು ಪ್ರಾಥಮಿಕ ಶಾಲೆಯಲ್ಲಿ, ತಂದೆ ತಾಯಿ ಬಂದು ಕರೆದೊಯ್ಯಲಾಗದೆ 22 ಮಕ್ಕಳು ಉಳಿದಿದ್ದರು. ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ ಚಾಲಕನೊಬ್ಬ ಅವರನ್ನೂ ಇಬ್ಬರು ಶಿಕ್ಷಕಿಯರನ್ನೂ ಬಸ್ಸಿಗೆ ಹತ್ತಿಸಿಕೊಂಡ. ಇಕ್ಕೆಲದಲ್ಲೂ ಉರಿಯುತ್ತಿದ್ದ ರಸ್ತೆಯಲ್ಲಿ ಬಸ್ಸು ಐದು ತಾಸು ತೆವಳಿತು. ಹೊಗೆಗೆ ಮಕ್ಕಳು ಬಳಲಿದಾಗ ಆತ ತನ್ನ ಅಂಗಿ ಹರಿದು ಚೂರು ಮಾಡಿಕೊಟ್ಟ. ಇದ್ದ ಒಂದು ಬಾಟಲಿ ನೀರಿನಲ್ಲಿ ಅದನ್ನು ತೋಯಿಸಿ ಮಕ್ಕಳ ಮೂಗಿಗೆ ಹಿಡಿಸಿದರು. ಶಿಕ್ಷಕಿಯರು ಮೊದಲು ಮಾಡಿದ ಕೆಲಸ ಬಸ್ಸಿನಲ್ಲಿರುವ ಎಲ್ಲ ಮಕ್ಕಳ ಹೆಸರು ಬರೆದಿಟ್ಟುಕೊಂಡದ್ದು. ಎಲ್ಲ ಮಕ್ಕಳೂ ಉಳಿದರು. ಒಂದು ಬಾಟಲಿ ನೀರು, ಒಂದು ತುಂಡು ಬಟ್ಟೆ, ಹೆಸರುಗಳ ಒಂದು ಪಟ್ಟಿ. ಆಪತ್ತಿನಲ್ಲಿ ಬೇಕಾಗುವ ವಸ್ತುಗಳು ಎಷ್ಟು ಸಾಮಾನ್ಯವಾದವು!

ಜ್ವಾಲೆಗಿಂತ ಕಿಡಿ ಘಾತಕ

ಕಾಳ್ಗಿಚ್ಚೆಂದರೆ ಗೋಡೆಯಂತೆ ಎದ್ದು ಬರುವ ಜ್ವಾಲೆ ಎಂಬುದು ಸಾಮಾನ್ಯ ಕಲ್ಪನೆ. ಮನೆಗಳನ್ನು ಸುಡುವುದು ಹೆಚ್ಚಾಗಿ ಆ ಗೋಡೆಯಲ್ಲ, ಅದಕ್ಕೂ ಮೊದಲೇ ಹಾರಿ ಬರುವ ಕಿಡಿ. ಗಾಳಿ ಜೋರಾಗಿದ್ದರೆ ಕೆಂಡ ಒಂದೆರಡು ಕಿಲೋಮೀಟರ್ ಹಾರಿ ಬರುವುದು ಸಾಮಾನ್ಯ. ಮಾಡಿನ ದೋಣಿಯಲ್ಲಿ ತುಂಬಿದ ತರಗು, ಗೋಡೆಗೆ ಒರಗಿಸಿಟ್ಟ ಸೌದೆ, ಬಾಗಿಲ ಮುಂದಿನ ನಾರಿನ ಕಾಲೊರಸು, ಅಟ್ಟದ ಗಾಳಿಗಿಂಡಿ - ಇವೇ ಅದರ ಪ್ರವೇಶದ್ವಾರಗಳು.

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜಾಕ್ ಕೊಹೆನ್ ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಕೆನಡಾದ ಕಾಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ, ಎದುರಿನ ಕಾಡಿಗೆ ಬೆಂಕಿಯಿಟ್ಟು ನೋಡಲಾಯಿತು. ಮೂವತ್ತು ಮೀಟರ್ ದೂರದ ಗೋಡೆ ಅಂಥ ಧಗೆಗೂ ಹೊತ್ತಿಕೊಳ್ಳಲಿಲ್ಲ. ಮನೆ ಉಳಿಯುವುದು, ಸುಡುವುದು ದೂರದ ಕಾಡಿಗಿಂತ ಮನೆಯ ಮೇಲೆ ಮತ್ತು ಮನೆಯ ಸುತ್ತ ಏನಿದೆ ಎಂಬುದರ ಮೇಲೆ ನಿಂತಿದೆ ಎಂಬುದು ಅವರು ಕಂಡುಕೊಂಡ ಸತ್ಯ.

ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನೂ ಹೌದು. ಬೆಂಕಿಯ ಭಯವಿರುವ ಪ್ರದೇಶಗಳಲ್ಲಿ ಮನೆಯ ಸುತ್ತ ನೂರು ಅಡಿಯವರೆಗೆ ಜಾಗವನ್ನು ಹಸನಾಗಿಡಬೇಕು. ಮೊದಲ 5 ಅಡಿಯಲ್ಲಿ ಉರಿಯುವ ವಸ್ತುವೇ ಇರಬಾರದು ಎನ್ನುತ್ತಾರೆ ತಜ್ಞರು. 30 ಅಡಿಯವರೆಗೆ ಒಣಹುಲ್ಲು, ಒಣರೆಂಬೆ ತೆಗೆಯಬೇಕು. ಅಲ್ಲಿಂದ 100 ಅಡಿಯವರೆಗೆ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಮರ ಮರಕ್ಕೆ ತಾಗದಂತೆ ಅಂತರ ಕೊಡಬೇಕು. ಅಂಗಳ ಗುಡಿಸುವ ನಮ್ಮ ಅಜ್ಜಿಯರ ರೂಢಿಗೆ ಇಷ್ಟು ದೊಡ್ಡ ಅರ್ಥವಿದೆ.

ಆರು ಬಗೆ, ಒಂದು ಚೀಲ

ಮನೆ ಎಷ್ಟೇ ಭದ್ರವಿರಲಿ, ಜನ ಅಲ್ಲಿ ಇರಬಾರದು. ಆದ್ದರಿಂದ ಕ್ಯಾಲಿಫೋರ್ನಿಯಾದ ಅಗ್ನಿಶಾಮಕ ಇಲಾಖೆ ‘ರೆಡಿ, ಸೆಟ್, ಗೋ’ ಎಂಬ ಮೂರು ಮಾತಿನ ಪಾಠ ಹೇಳಿಕೊಡುತ್ತದೆ. ಓಟದ ಪಂದ್ಯದಲ್ಲಿ ಮಕ್ಕಳು ಕೇಳುವ ಮಾತೇ ಇದು. ರೆಡಿ ಎಂದರೆ ಮನೆ, ಅಂಗಳವನ್ನು ಸಜ್ಜು ಮಾಡುವುದು. ಸೆಟ್ ಎಂದರೆ ಚೀಲ ಕಟ್ಟಿ, ದಾರಿ ಗೊತ್ತುಮಾಡಿಕೊಂಡು ಕಾದಿರುವುದು. ಗೋ ಎಂದರೆ ಹೊರಟೇ ಬಿಡುವುದು.

ಚೀಲ ಬೆನ್ನಿಗೆ ಹಾಕಿಕೊಳ್ಳುವಂಥದ್ದಾದರೆ ಒಳ್ಳೆಯದು. ಕೈ ಎರಡೂ ಖಾಲಿಯಿರುತ್ತವೆ. ತಲೆಗೊಂದರಂತೆ ಇರಬೇಕು. ಮೂರು ದಿನಕ್ಕಾಗುವ, ಕೆಡದ ತಿನಿಸು, ತಲೆಗೆ ಸುಮಾರು 11 ಲೀಟರ್ ನೀರು, ಟಾರ್ಚು, ಬ್ಯಾಟರಿಯ ರೇಡಿಯೋ, ಪ್ರಥಮ ಚಿಕಿತ್ಸೆಯ ಡಬ್ಬಿ, ಒಂದು ಜೊತೆ ಬಟ್ಟೆ, ಹೊಗೆ ತಡೆಯುವ ಎನ್-95 ಮಾಸ್ಕು, ಮೊಬೈಲ್ ಚಾರ್ಜರ್, ಕನಿಷ್ಠ ಎರಡು ದಾರಿ ಗುರುತು ಮಾಡಿದ ಕಾಗದದ ನಕ್ಷೆ. ನೀರು ಭಾರ, ಅದನ್ನು ಕಾರಿನ ಡಿಕ್ಕಿಯಲ್ಲೇ ಇಟ್ಟಿರುವವರು ಜಾಣರು. ಮೊಬೈಲಿನಲ್ಲಿ ನಕ್ಷೆ ಇರುವಾಗ ಕಾಗದದ್ದೇಕೆ ಎಂದು ಮಕ್ಕಳು ಕೇಳಬಹುದು. ಪ್ಯಾರಡೈಸ್‌ನಲ್ಲಿ ಮೊಬೈಲ್ ಗೋಪುರಗಳಿಗೆ ಏನಾಯಿತೆಂಬುದೇ ಅದಕ್ಕೆ ಉತ್ತರ.

ಗಾಬರಿಯಲ್ಲಿ ಮರೆಯಬಾರದ್ದನ್ನು ನೆನಪಿಡಲು ಅಲ್ಲಿಯವರು ಇಂಗ್ಲಿಷಿನ ‘ಪಿ’ ಅಕ್ಷರದಿಂದ ಶುರುವಾಗುವ ಆರು ಹೆಸರು ಬಾಯಿಪಾಠ ಮಾಡುತ್ತಾರೆ.

ಒಂದು, ಪೀಪಲ್ - ಮನೆಮಂದಿ, ಜೊತೆಗೆ ನಾಯಿ, ಬೆಕ್ಕು. ಹೊಗೆಯ ವಾಸನೆಗೆ ಬೆಕ್ಕು ಮಂಚದಡಿ ಅವಿತರೆ ಹುಡುಕುವುದಕ್ಕೇ ಹತ್ತು ನಿಮಿಷ ಹೋಗುತ್ತದೆ. ಎಚ್ಚರಿಕೆ ಬಂದ ಕೂಡಲೇ ಅದನ್ನು ಗೂಡಿಗೆ ಸೇರಿಸಬೇಕು.

ಎರಡು, ಪೇಪರ್ಸ್ - ಕಾಗದಪತ್ರ. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಮನೆಪತ್ರ, ವಿಮೆಯ ದಾಖಲೆ, ಅಂಕಪಟ್ಟಿ. ಮುಖ್ಯ ಫೋನ್ ನಂಬರುಗಳ ಪಟ್ಟಿಯೂ ಇದರಲ್ಲೇ.

ಮೂರು, ಪ್ರಿಸ್ಕ್ರಿಪ್ಷನ್ಸ್ - ಔಷಧ, ಔಷಧದ ಚೀಟಿ, ಕನ್ನಡಕ, ಕಿವಿಯ ಯಂತ್ರ. ಸಕ್ಕರೆ ಕಾಯಿಲೆಯವರಿಗೆ, ರಕ್ತದೊತ್ತಡದವರಿಗೆ ಇದು ಮೊದಲ ಸ್ಥಾನಕ್ಕೇ ಬರಬೇಕು.

ನಾಲ್ಕು, ಪಿಕ್ಚರ್ಸ್ - ಮತ್ತೆ ಸಿಗದ ಫೋಟೋ, ನೆನಪಿನ ವಸ್ತು. ಬೆಂಕಿಯಲ್ಲಿ ಎಲ್ಲ ಕಳೆದುಕೊಂಡವರು ಟೀವಿ, ಸೋಫಾಕ್ಕಿಂತ ಹಳೆಯ ಫೋಟೋಗಳಿಗಾಗಿ ಹೆಚ್ಚು ಕೊರಗುವುದುಂಟು.

ಐದು, ಪರ್ಸನಲ್ ಕಂಪ್ಯೂಟರ್ - ಕಂಪ್ಯೂಟರಿನಲ್ಲಿರುವ ಮಾಹಿತಿ. ವರ್ಷಗಟ್ಟಲೆ ಬರೆದ ಸಂಶೋಧನಾ ಪ್ರಬಂಧ ಒಂದೇ ಲ್ಯಾಪ್‌ಟಾಪಿನಲ್ಲಿದ್ದರೆ ಏನು ಗತಿ?

ಆರು, ಪ್ಲಾಸ್ಟಿಕ್ - ಬ್ಯಾಂಕಿನ ಕಾರ್ಡು. ಅದರ ಜೊತೆಗೆ ಸ್ವಲ್ಪ ನಗದು. ಕರೆಂಟು ಹೋದ ಊರಿನಲ್ಲಿ ಕಾರ್ಡು ಉಜ್ಜುವ ಯಂತ್ರ ನಡೆಯುವುದಿಲ್ಲ.

ಇನ್ನೊಂದು ಉಪಾಯವನ್ನು ವಿಮೆಯ ಕಷ್ಟ ಕಂಡವರು ಹೇಳುತ್ತಾರೆ. ಬಿಡುವಿದ್ದ ಒಂದು ದಿನ ಮೊಬೈಲ್ ಹಿಡಿದು ಕೋಣೆ ಕೋಣೆಗೂ ಹೋಗಿ, ಬೀರು, ಕಪಾಟು ತೆರೆದು ವಿಡಿಯೋ ಮಾಡಿಡುವುದು. ಮನೆ ಬೂದಿಯಾದ ಮೇಲೆ ಅದರಲ್ಲಿ ಏನೇನಿತ್ತೆಂದು ನೆನಪಿನಿಂದ ಬರೆಯಲು ಕೂತರೆ ಅರ್ಧವೂ ನೆನಪಾಗದು.

ಯಾವಾಗ ಹೊರಡಬೇಕು?

ಚೀಲ ಕಟ್ಟುವುದು ಸುಲಭ. ಹೊರಡುವ ತೀರ್ಮಾನ ಕಷ್ಟ. ‘ಬೆಂಕಿ ಇಷ್ಟು ದೂರ ಬರಲಾರದು’, ‘ಪಕ್ಕದ ಮನೆಯವರೇ ಹೊರಟಿಲ್ಲ’, ‘ಇನ್ನೊಂದು ಸ್ವಲ್ಪ ನೋಡೋಣ’ - ಈ ಮೂರು ಮಾತುಗಳು ಜೀವ ತೆಗೆದಿವೆ.

ಕ್ಯಾಲಿಫೋರ್ನಿಯಾದಲ್ಲಿ ಎರಡು ಹಂತದ ಸೂಚನೆಗಳಿವೆ. ಮೊದಲನೆಯದು ‘ಎವ್ಯಾಕ್ಯುಯೇಷನ್ ವಾರ್ನಿಂಗ್’, ಅಂದರೆ ಎಚ್ಚರಿಕೆ: ಅಪಾಯ ಬರಬಹುದು, ಸಿದ್ಧರಾಗಿ, ವೃದ್ಧರು, ರೋಗಿಗಳು, ಮಕ್ಕಳೊಂದಿಗರು, ಸಾಕುಪ್ರಾಣಿ ಇರುವವರು ಈಗಲೇ ಹೊರಡಿ. ಎರಡನೆಯದು ‘ಎವ್ಯಾಕ್ಯುಯೇಷನ್ ಆರ್ಡರ್’, ಅಂದರೆ ಆದೇಶ: ಜೀವಕ್ಕೆ ಅಪಾಯ, ತಕ್ಷಣ ಹೊರಡಿ. ಇವೆರಡಕ್ಕೂ ಮೊದಲು ಹವಾಮಾನ ಇಲಾಖೆ ಒಣಗಾಳಿಯ ದಿನಗಳಲ್ಲಿ ‘ರೆಡ್ ಫ್ಲ್ಯಾಗ್ ವಾರ್ನಿಂಗ್’ ಕೊಡುತ್ತದೆ. ಕೆಂಪು ಬಾವುಟದ ದಿನ ಎಂದರೆ ಚೀಲವನ್ನು ಬಾಗಿಲ ಬಳಿಗೆ ತಂದಿಡುವ ದಿನ. ಕಾರಿನ ಟ್ಯಾಂಕು ತುಂಬಿಸಿ, ಅದರ ಮೂತಿಯನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸುವ ದಿನ.

ಆದರೆ ಆದೇಶ ಬರಲೇಬೇಕೆಂದು ಕಾಯುವುದೂ ಅಪಾಯ. 2025ರ ಜನವರಿ 7ರ ಸಂಜೆ ಲಾಸ್ ಏಂಜಲೀಸ್ ಬಳಿ ಈಟನ್ ಬೆಂಕಿ ಹೊತ್ತಿಕೊಂಡಿತು. ಅಲ್ಟಡೀನಾ ಊರಿನ ಪೂರ್ವಭಾಗಕ್ಕೆ ಅಂದು ಸಂಜೆಯೇ ಆದೇಶ ಬಂತು. ಪಶ್ಚಿಮ ಭಾಗಕ್ಕೆ ಬಂದಾಗ ಬೆಳಗಿನ ಜಾವ ಮೂರು ದಾಟಿತ್ತು. ಆ ಬೆಂಕಿಯಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಶ್ಚಿಮ ಭಾಗದವರು. ಅದೇ ದಿನ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಜನ ರಸ್ತೆಯಲ್ಲೇ ಕಾರು ಬಿಟ್ಟು ಓಡಬೇಕಾಯಿತು. ಅಗ್ನಿಶಾಮಕ ವಾಹನಗಳಿಗೆ ದಾರಿ ಮಾಡಲು ಆ ಕಾರುಗಳನ್ನು ಬುಲ್‌ಡೋಜರಿನಿಂದ ಪಕ್ಕಕ್ಕೆ ತಳ್ಳಲಾಯಿತು.

ಇದೇ ಪಾಠವನ್ನು ಆಸ್ಟ್ರೇಲಿಯಾ ದೊಡ್ಡ ಬೆಲೆ ತೆತ್ತು ಕಲಿಯಿತು. ‘ಮನೆಯಲ್ಲೇ ನಿಂತು ಕಾಪಾಡಿಕೊಳ್ಳಿ, ಇಲ್ಲವೇ ಬೇಗ ಹೊರಡಿ’ ಎಂಬುದು ಅಲ್ಲಿನ ಹಳೆಯ ನೀತಿ. 2009ರ ಫೆಬ್ರುವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ 173 ಮಂದಿ ಸತ್ತರು. ಅವರಲ್ಲಿ 113 ಮಂದಿ ಸತ್ತದ್ದು ಮನೆಗಳ ಒಳಗೇ. ತನಿಖೆ ನಡೆಸಿದ ರಾಯಲ್ ಕಮಿಷನ್ ಆ ನೀತಿಯನ್ನು ತಿದ್ದಲು ಹೇಳಿತು. ಅತಿ ಭೀಕರ ಎಂದು ಸಾರಿದ ದಿನಗಳಲ್ಲಿ, ಬೆಂಕಿ ಇರಲಿ ಬಿಡಲಿ, ಮೊದಲೇ ಊರು ಬಿಡುವುದೇ ಕ್ಷೇಮ ಎಂಬುದು ಅಲ್ಲಿ ಈಗಿನ ಬುದ್ಧಿವಾದ.

ಹೊರಡುವ ಹತ್ತು ನಿಮಿಷ

ಸಮಯವಿದ್ದರೆ ಮಾತ್ರ ಮಾಡಬೇಕಾದ ಕೆಲಸಗಳು ಕೆಲವಿವೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಬೇಕು, ಆದರೆ ಬೀಗ ಹಾಕಬಾರದು. ಅಗ್ನಿಶಾಮಕ ಸಿಬ್ಬಂದಿ ಒಳಗೆ ಬರಬೇಕಾದೀತು. ತೆಳುವಾದ ಪರದೆಗಳನ್ನು ತೆಗೆದು, ಕುರ್ಚಿ, ಸೋಫಾಗಳನ್ನು ಕಿಟಕಿಯಿಂದ ದೂರ, ಕೋಣೆಯ ನಡುವಿಗೆ ಎಳೆಯಬೇಕು. ಅನಿಲದ ಕವಾಟ ಮುಚ್ಚಬೇಕು, ಹವಾನಿಯಂತ್ರಕ ನಿಲ್ಲಿಸಬೇಕು. ದೇವರ ಮುಂದಿನ ದೀಪ ಶಾಂತ ಮಾಡಬೇಕು. ವಿದ್ಯುತ್ ದೀಪಗಳನ್ನು ಮಾತ್ರ ಉರಿಯಲು ಬಿಡಬೇಕು. ಹೊಗೆಯ ಕತ್ತಲಲ್ಲಿ ಮನೆ ಎಲ್ಲಿದೆಯೆಂದು ತಿಳಿಯುವುದು ಆ ಬೆಳಕಿನಿಂದಲೇ. ಹಿತ್ತಿಲಿನ ನಲ್ಲಿಯನ್ನು ತಿರುಗಿಸಿ ನೀರು ಹರಿಯಲು ಬಿಟ್ಟು ಹೋಗುವುದು ತಪ್ಪು. ಊರಿನ ನೀರಿನ ಒತ್ತಡ ಇಳಿದು, ಬೆಂಕಿ ಆರಿಸುವವರಿಗೇ ನೀರಿಲ್ಲದಂತಾಗುತ್ತದೆ.

ಬಟ್ಟೆ ಹತ್ತಿಯದ್ದೋ ಉಣ್ಣೆಯದ್ದೋ ಆಗಿರಬೇಕು. ನೈಲಾನ್, ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸಿಂಥೆಟಿಕ್ ಸೀರೆ, ದುಪಟ್ಟಾ ಸಲ್ಲದು. ತುಂಬು ತೋಳು, ಉದ್ದನೆಯ ಪ್ಯಾಂಟು, ಗಟ್ಟಿ ಬೂಟು, ತಲೆಗೊಂದು ಟೋಪಿ. ಚಪ್ಪಲಿಯಲ್ಲಿ ಹೊರಟವರು ಬಿಸಿ ರಸ್ತೆಯಲ್ಲಿ ನಡೆಯಬೇಕಾಗಿ ಬಂದರೆ ಕಷ್ಟ.

ಸಣ್ಣದೆಂದು ಕಾಣುವ ಇನ್ನೊಂದು ಸಂಗತಿ ಗ್ಯಾರೇಜಿನ ಬಾಗಿಲು. ಅಮೆರಿಕದಲ್ಲಿ ಅದು ಗುಂಡಿ ಒತ್ತಿದರೆ ಏಳುವ, ಕರೆಂಟಿನ ಬಾಗಿಲು. 2017ರ ಬೆಂಕಿಯಲ್ಲಿ ಕರೆಂಟು ಹೋಗಿ, ಬಾಗಿಲು ಎತ್ತಲಾಗದೆ ಕೆಲವರು ಕಾರಿದ್ದೂ ಸತ್ತರು. 2019ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಮಾರುವ ಇಂಥ ಯಂತ್ರಗಳಿಗೆ ಬ್ಯಾಟರಿ ಕಡ್ಡಾಯವಾಯಿತು. ಆದರೂ ಒಳಗೆ ಜೋತುಬಿದ್ದಿರುವ ಹಗ್ಗ ಎಳೆದು ಬಾಗಿಲನ್ನು ಕೈಯಿಂದ ಎತ್ತುವುದು ಹೇಗೆಂದು ಮನೆಯ ಎಲ್ಲರೂ ಒಮ್ಮೆ ಮಾಡಿ ನೋಡಿರಬೇಕು.

ಮನೆಯಲ್ಲಿ ಅಜ್ಜಿ, ತಾತ ಇಬ್ಬರೇ ಇದ್ದರೆ?

ಇದು ಕನ್ನಡಿಗರ ಮನೆಗಳಿಗೆ ನೇರವಾಗಿ ತಟ್ಟುವ ಪ್ರಶ್ನೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಮೈಸೂರು, ಶಿವಮೊಗ್ಗ, ಹುಬ್ಬಳ್ಳಿಯಿಂದ ಆರು ತಿಂಗಳಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗುವ ತಂದೆ ತಾಯಂದಿರು ಎಷ್ಟಿಲ್ಲ! ಹಗಲಿನಲ್ಲಿ ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಮನೆಯಲ್ಲಿ ಇವರಿಬ್ಬರು, ತೊಟ್ಟಿಲಲ್ಲಿ ಕೂಸು. ಕಾರು ಓಡಿಸಲು ಬಾರದು, ಬೀದಿಯಲ್ಲಿ ಆಟೋ ಸಿಗದು. ಎಚ್ಚರಿಕೆಯ ಸಂದೇಶ ಬಂದರೂ ಅದು ಕನ್ನಡದಲ್ಲಿರುವುದಿಲ್ಲ. ಪ್ಯಾರಡೈಸ್‌ನಲ್ಲಿ ಸತ್ತವರಲ್ಲಿ ಬಹುಪಾಲು ವೃದ್ಧರೇ ಎಂಬುದನ್ನು ಇಲ್ಲಿ ನೆನೆಯಬೇಕು.

ಇಂಥ ಮನೆಯಲ್ಲಿ ಸಿದ್ಧತೆ ಎಂದರೆ ಮೊದಲು ನೆರೆಮನೆಯವರ ಪರಿಚಯ. ಅಮ್ಮ, ಅಪ್ಪ ಬಂದ ವಾರದಲ್ಲೇ ಪಕ್ಕದ ಎರಡು ಮನೆಗೆ ಕರೆದೊಯ್ದು ‘ಹಗಲು ಇವರೇ ಇರುತ್ತಾರೆ, ಇವರಿಗೆ ಕಾರು ಓಡಿಸಲು ಬರುವುದಿಲ್ಲ’ ಎಂದು ಹೇಳಿಡುವುದು ಸಾವಿರ ರೂಪಾಯಿಯ ಸಲಕರಣೆಗಿಂತ ಮೇಲು. ಎರಡನೆಯದು, ಮನೆಯ ವಿಳಾಸ, 911 ಎಂಬ ತುರ್ತು ನಂಬರು, ನೆರೆಯವರ ಮತ್ತು ಮಕ್ಕಳ ಕಚೇರಿಯ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಫ್ರಿಜ್ಜಿನ ಮೇಲೆ ಅಂಟಿಸುವುದು. ಮೂರನೆಯದು, ಕೌಂಟಿಯ ಎಚ್ಚರಿಕೆ ಸೇವೆಗೆ ಮಕ್ಕಳ ನಂಬರಿನ ಜೊತೆಗೆ ಅಮ್ಮ, ಅಪ್ಪ ಬಳಸುವ ನಂಬರನ್ನೂ ಸೇರಿಸುವುದು. ಇದು ಉಚಿತ, ಆದರೆ ಅನೇಕ ಕಡೆ ತಾವಾಗಿಯೇ ಹೆಸರು ನೋಂದಾಯಿಸಬೇಕು. 2021ರಲ್ಲಿ ಶುರುವಾದ ‘ವಾಚ್ ಡ್ಯೂಟಿ’ ಎಂಬ ಲಾಭರಹಿತ ಸಂಸ್ಥೆಯ ಆ್ಯಪ್ ಬೆಂಕಿಯ ಜಾಗವನ್ನು ನಕ್ಷೆಯಲ್ಲೇ ತೋರಿಸುವುದರಿಂದ ಭಾಷೆಯ ತೊಡಕು ಸ್ವಲ್ಪ ಕಡಿಮೆ. ನಾಲ್ಕನೆಯದು, ಊರಿನಿಂದ ತಂದ ಮಾತ್ರೆಗಳ ಹೆಸರನ್ನು, ಅವುಗಳ ಮೂಲ ಔಷಧದ ಹೆಸರಿನೊಂದಿಗೆ ಬರೆದಿಡುವುದು. ಇಲ್ಲಿನ ಬ್ರಾಂಡು ಅಲ್ಲಿನ ಔಷಧದಂಗಡಿಗೆ ತಿಳಿಯದು.

ದೂರದ ಒಬ್ಬರನ್ನು ಸಂಪರ್ಕದ ಕೊಂಡಿಯಾಗಿ ಇಟ್ಟುಕೊಳ್ಳುವುದೂ ಒಳ್ಳೆಯದು. ಬೆಂಕಿಯ ಊರಿನಲ್ಲಿ ಎಲ್ಲರೂ ಒಟ್ಟಿಗೆ ಫೋನ್ ಮಾಡುವುದರಿಂದ ಲೈನು ಸಿಗುವುದಿಲ್ಲ. ಹೊರಗಿನ ಊರಿಗೆ ಒಂದು ಸಂದೇಶ ಕಳಿಸುವುದು ಸುಲಭ. ಕರ್ನಾಟಕದ ಅಣ್ಣನೋ ಅಕ್ಕನೋ ಆಗಬಹುದು, ಆದರೆ ಗಡಿಯಾರ ನೆನಪಿರಲಿ. ಪ್ಯಾರಡೈಸ್‌ನಲ್ಲಿ ಬೆಳಿಗ್ಗೆ ಎಂಟಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಅಲ್ಲಿ ಮಧ್ಯಾಹ್ನದ ಬೆಂಕಿ ಇಲ್ಲಿಯವರ ಗಾಢನಿದ್ರೆಯ ಹೊತ್ತು. ಅಮೆರಿಕದಲ್ಲೇ ಬೇರೊಂದು ರಾಜ್ಯದಲ್ಲಿರುವ ನೆಂಟರು ಇದ್ದರೆ ಅವರೇ ವಾಸಿ.

ಹಾಸ್ಟೆಲಿನ ಕೋಣೆಯಲ್ಲಿ

ಓದಲು ಹೋದ ಮಕ್ಕಳ ಪಾಡೇನು? 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹುಟ್ಟಿದ ಬೆಂಕಿ ಹತ್ತಿರ ಬಂದಾಗ ಸ್ಯಾಂಟಾ ಕ್ರೂಸ್‌ನ ವಿಶ್ವವಿದ್ಯಾಲಯದ ಆವರಣವನ್ನೇ ಖಾಲಿ ಮಾಡಿಸಲಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಮ್ಯಾಲಿಬುವಿನ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯ. ಪ್ಯಾರಡೈಸ್ ಸುಟ್ಟ ದಿನವೇ ದಕ್ಷಿಣದಲ್ಲಿ ಹೊತ್ತಿಕೊಂಡ ಇನ್ನೊಂದು ಬೆಂಕಿ ಅದರ ಸುತ್ತ ಆವರಿಸಿದಾಗ, ವಿದ್ಯಾರ್ಥಿಗಳನ್ನು ಹೊರಗೆ ಕಳಿಸದೆ ಗ್ರಂಥಾಲಯದಂಥ ಭದ್ರ ಕಟ್ಟಡಗಳಲ್ಲಿ ಸೇರಿಸಿಕೊಳ್ಳಲಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಗಟ್ಟಿ ಕಟ್ಟಡ, ಸುತ್ತ ತೆರವಾದ ಜಾಗ, ಮೊದಲೇ ಮಾಡಿದ ಯೋಜನೆ - ಇಷ್ಟೂ ಇದ್ದುದರಿಂದ ಅದು ಸಾಧ್ಯವಾಯಿತು. ಸಾಮಾನ್ಯ ಮನೆಯಲ್ಲಿ ಕೂತು ಇದನ್ನು ಅನುಕರಿಸಬಾರದು.

ಆದ್ದರಿಂದ ಹೊಸ ವಿದ್ಯಾರ್ಥಿ ಮೊದಲ ವಾರದಲ್ಲೇ ತನ್ನ ವಿಶ್ವವಿದ್ಯಾಲಯದ ಯೋಜನೆ ಯಾವುದೆಂದು ಕೇಳಿ ತಿಳಿಯಬೇಕು. ಆತನ ಅಥವಾ ಆಕೆಯ ಚೀಲದಲ್ಲಿ ಪಾಸ್‌ಪೋರ್ಟ್, ವೀಸಾದ ಪುಟ, ಐ-20 ಪತ್ರ ಒಂದೇ ಜಲನಿರೋಧಕ ಲಕೋಟೆಯಲ್ಲಿರಬೇಕು. ಅವುಗಳ ಪ್ರತಿಗಳು ಅಂತರ್ಜಾಲದ ಖಾತೆಯಲ್ಲೂ ಊರಿನಲ್ಲಿರುವ ಅಪ್ಪನ ಬಳಿಯೂ ಇರಲಿ. ಪಾಸ್‌ಪೋರ್ಟ್ ಸುಟ್ಟುಹೋದರೆ ಪೊಲೀಸ್ ದೂರು, ಭಾರತೀಯ ದೂತಾವಾಸದ ಅರ್ಜಿ ಎಂದು ಅಲೆಯುವಾಗ ಆ ಪ್ರತಿಯೇ ಆಧಾರ. ಇತ್ತ ತಂದೆ ತಾಯಿಗೂ ಒಂದು ಕರ್ತವ್ಯವಿದೆ: ಟೀವಿಯಲ್ಲಿ ಬೆಂಕಿ ಕಂಡ ಕೂಡಲೇ ಮೇಲಿಂದ ಮೇಲೆ ಫೋನ್ ಮಾಡಿ ಮಗುವಿನ ಮೊಬೈಲ್ ಬ್ಯಾಟರಿ ಮುಗಿಸದಿರುವುದು. ‘ಹೊರಟೆ’, ‘ತಲುಪಿದೆ’ ಎಂಬ ಎರಡು ಪದದ ಸಂದೇಶ ಸಾಕೆಂದು ಮೊದಲೇ ಮಾತಾಡಿಕೊಂಡಿರಬೇಕು.

ದಾರಿ ಮುಚ್ಚಿದರೆ

ಎಲ್ಲ ಸಿದ್ಧತೆಯ ಮೇಲೂ ಬೆಂಕಿ ದಾರಿ ಕಟ್ಟಬಹುದು. ಕಾರಿನಲ್ಲಿ ಸಿಕ್ಕಿಕೊಂಡರೆ ಗಿಡಮರಗಳಿಲ್ಲದ ಕಡೆ ನಿಲ್ಲಿಸಿ, ಗಾಜು, ಗಾಳಿಗಿಂಡಿ ಎಲ್ಲ ಮುಚ್ಚಿ, ಉಣ್ಣೆಯ ಕಂಬಳಿ ಹೊದ್ದು ಕಾರಿನ ನೆಲದ ಮೇಲೆ ಮಲಗಬೇಕು; 911ಕ್ಕೆ ತಾವಿರುವ ಜಾಗ ತಿಳಿಸಬೇಕು. ಮನೆಯಲ್ಲೇ ಸಿಕ್ಕಿಕೊಂಡರೆ ಎಲ್ಲರೂ ಒಂದೆಡೆ, ಹೊರಗೋಡೆಯಿಂದ ದೂರ ಇರಬೇಕು. ತೊಟ್ಟಿ, ಸಿಂಕುಗಳಲ್ಲಿ ನೀರು ತುಂಬಿಕೊಳ್ಳಬೇಕು. ಬಾಗಿಲು ಮುಚ್ಚಿರಲಿ, ಬೀಗ ಬೇಡ. ಪ್ಯಾರಡೈಸ್‌ನಲ್ಲಿ ದಾರಿ ಕಾಣದ ನೂರಾರು ಜನ ಅಂಗಡಿಗಳ ಮುಂದಿನ ವಿಶಾಲ ಡಾಂಬರು ಬಯಲುಗಳಲ್ಲಿ ನಿಂತು ಬದುಕಿಕೊಂಡರು. ಉರಿಯಲು ಏನೂ ಇಲ್ಲದ ಬಯಲೇ ಕೊನೆಯ ಆಸರೆ. ತಾವು ಹೋಗುವ ದಾರಿಯಲ್ಲಿ ಅಂಥ ಬಯಲು ಎಲ್ಲಿದೆಯೆಂದು ಮೊದಲೇ ನೋಡಿಟ್ಟಿರುವುದು ಮೇಲು.

ನಮ್ಮ ಊರಿಗೂ ಸಲ್ಲುವ ಮಾತು

ಕರ್ನಾಟಕದ ಕಾಳ್ಗಿಚ್ಚು ಬೇರೆ ಬಗೆಯದು. ಇಲ್ಲಿ ಬೆಂಕಿ ಹೆಚ್ಚಾಗಿ ನೆಲದ ಹುಲ್ಲು, ತರಗೆಲೆ, ಲಂಟಾನದ ಪೊದೆಗಳಲ್ಲಿ ಹರಿಯುತ್ತದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರುವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರುಗಳಿಂದ ನೀರು ಸುರಿಸಬೇಕಾಯಿತು. ಆದರೆ ಊರಿಗೆ ಊರೇ ಬೆಂಕಿಗೆ ತುತ್ತಾಗಿ ಲಕ್ಷಾಂತರ ಜನ ಓಡುವ ಪರಿಸ್ಥಿತಿ ಇಲ್ಲಿಲ್ಲ.

ಇಲ್ಲಿ ಜನರನ್ನು ಮನೆಯಿಂದ ಹೊರಡಿಸುವುದು ನೀರು ಮತ್ತು ಮಣ್ಣು. ಪ್ಯಾರಡೈಸ್ ಸುಟ್ಟ ಅದೇ 2018ರಲ್ಲಿ, ಮೂರು ತಿಂಗಳ ಮೊದಲು, ಕೊಡಗಿನ ಗುಡ್ಡಗಳು ಕುಸಿದವು. ಉಟ್ಟ ಬಟ್ಟೆಯಲ್ಲೇ ಹೊರಟು ಬಂದ ಕುಟುಂಬಗಳು ಅನೇಕ. ಆಧಾರ್ ಕಾರ್ಡು, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿ ಎಲ್ಲ ಮಣ್ಣಿನಡಿ. ಬೆಂಕಿಗೆ ಕಟ್ಟಿದ ಚೀಲ ನೆರೆಗೂ ಆಗುತ್ತದೆ, ಭೂಕುಸಿತಕ್ಕೂ ಆಗುತ್ತದೆ. ಒಂದೇ ವ್ಯತ್ಯಾಸ, ಕಾಗದಗಳಿಗೆ ಪ್ಲಾಸ್ಟಿಕ್ ಹೊದಿಕೆ ಇನ್ನಷ್ಟು ಭದ್ರವಾಗಿರಬೇಕು. ಡಿಜಿಲಾಕರ್‌ನಂಥ ಸೌಲಭ್ಯ ಕೈಯಲ್ಲಿರುವಾಗ ದಾಖಲೆಗಳ ಒಂದು ಪ್ರತಿಯನ್ನು ಅಲ್ಲಿಡಲು ಒಂದು ಭಾನುವಾರ ಸಾಕು. ಇಲ್ಲಿನ ತುರ್ತು ನಂಬರು 112.

ಗಡಿಯಾರ ಹಿಡಿದು ಒಂದು ತಾಲೀಮು

ಕೊನೆಯದಾಗಿ, ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಸಿದ್ಧತೆ: ತಾಲೀಮು. ವರ್ಷಕ್ಕೆರಡು ಸಲ ಮನೆಯಲ್ಲೊಬ್ಬರು ಗಡಿಯಾರ ಹಿಡಿದು ‘ಹತ್ತು ನಿಮಿಷ, ಹೊರಡಿ’ ಎನ್ನಬೇಕು. ಹತ್ತು ವರ್ಷದ ಹುಡುಗನಿಗೆ ಬೆಕ್ಕಿನ ಗೂಡು ತರುವ ಕೆಲಸ, ಅಕ್ಕನಿಗೆ ಕಾಗದದ ಚೀಲ, ಅಪ್ಪನಿಗೆ ಅನಿಲದ ಕವಾಟ, ಅಮ್ಮನಿಗೆ ಅಜ್ಜಿಯ ಕೈ ಮತ್ತು ಅಜ್ಜಿಯ ಮಾತ್ರೆ. ಮೊದಲ ಸಲ ಕನ್ನಡಕ ಸಿಗುವುದಿಲ್ಲ, ಕಾರಿನ ಕೀಲಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ, ಇಪ್ಪತ್ತೈದು ನಿಮಿಷವಾಗುತ್ತದೆ. ಮಕ್ಕಳಿಗೆ ನಗು ಬರುತ್ತದೆ. ಬರಲಿ. ಎರಡನೆಯ ಸಲ ಹದಿನೈದು ನಿಮಿಷಕ್ಕೆ ಇಳಿಯುತ್ತದೆ.

ತಾಲೀಮು ಮುಗಿದ ಮೇಲೆ ಚೀಲ ಬಿಚ್ಚಿ, ಹಳೆಯ ಬಿಸ್ಕತ್ತು ತಿಂದು ಹೊಸದು ತುಂಬಬಹುದು. ಮಕ್ಕಳಿಗೆ ಗಿಡ್ಡವಾದ ಬಟ್ಟೆ ತೆಗೆದು ಅಳತೆಯದ್ದು ಇಡಬಹುದು. ಅವಧಿ ಮೀರಿದ ಮಾತ್ರೆ ಬದಲಿಸಬಹುದು. ಆಮೇಲೆ ಚೀಲವನ್ನು ಮತ್ತೆ ಬಾಗಿಲ ಬಳಿಯ ಮೊಳೆಗೆ ತೂಗುಹಾಕಿ ಎಲ್ಲರೂ ಊಟಕ್ಕೆ ಕೂರಬಹುದು. ಆ ಚೀಲ ವರ್ಷಗಟ್ಟಲೆ ಅಲ್ಲೇ ತೂಗುತ್ತಿದ್ದು, ಒಂದು ದಿನವೂ ಬೇಕಾಗದೆ ಹಳತಾಗಿ ಹೋದರೆ ಅದಕ್ಕಿಂತ ಒಳ್ಳೆಯದು ಬೇರೇನಿದೆ?